ಹಲಗಲಿಯ ಹತಾರವೂ ಭೀಮಾತೀರದ ಪಿಸ್ತೂಲೂ

ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗುವದಕ್ಕೆ ಸರಕಾರದ ಪರವಾನಗಿ ಏತಕ್ಕೆ ಬೇಕು? ಆತ್ಮರಕ್ಷಣೆಯು ಹುಟ್ಟಿನೊಡನೆ ಬಂದ ಹಕ್ಕಾಗಿರಲು, ಅದಕ್ಕೆ ಜಿಲ್ಲಾಧಿಕಾರಿಯ ರುಜು ಬೇಡುವದು ದಾಸ್ಯದ ಅವಶೇಷವಲ್ಲವೆ? 2022ನೆಯ ಇಸವಿಯಲ್ಲಿ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯವು ನ್ಯೂಯಾರ್ಕ ಸಂಸ್ಥಾನದ ಪರವಾನಗಿ ಕಾಯದೆಯ ಒಂದು ಭಾಗವನ್ನು ರದ್ದುಪಡಿಸಿದಂದಿನಿಂದ ಇಂಥ ಪ್ರಶ್ನೆಗಳು ಈ ದೇಶದ ಸುಶಿಕ್ಷಿತರ ಬಾಯಲ್ಲಿಯೂ ಕೇಳಬರಹತ್ತಿವೆ. ಈಗ ವಿಜಯಪುರವೆನಿಸಿದ ವಿಜಾಪುರ ಜಿಲ್ಲೆಯಲ್ಲಂತೂ ಈ ವಾದಕ್ಕೆ ಒಂದು ವಿಶೇಷವಾದ ಬಲವುಂಟು. “ಹಲಗಲಿಯ ಬೇಡರು ಪ್ರಾಣ ಕೊಟ್ಟದ್ದು ಯಾವದಕ್ಕೆ? ಹತಾರಕ್ಕೆ ಸರಕಾರದ ಅಪ್ಪಣೆ ಕೇಳಲೊಲ್ಲೆವೆಂದಲ್ಲವೆ?” ಎಂದು ಯಾರಾದರೂ ಕೇಳಿದರೆ, ಯಂಕಂಚಿಯ ಅಗಸಿಯಲ್ಲಾಗಲಿ ಸಿಂದಗಿಯ ವಕೀಲರ ಕೋಣೆಯಲ್ಲಾಗಲಿ ಥಟ್ಟನೆ ಉತ್ತರ ಕೊಡಬಲ್ಲವರು ವಿರಳ. ಹಲಗಲಿಯ ಹೆಸರು ಕೇಳಿದೊಡನೆ ತಲೆಗಳು ತಾವಾಗಿಯೇ ಬಾಗುವವು. ಬಾಗಿದ ತಲೆಯು ವಾದವನ್ನು ಪರೀಕ್ಷಿಸಲಾರದು. ಪರೀಕ್ಷಿಸುವದು ಅವಶ್ಯವಾಗಿದೆ.

ಹಲಗಲಿಯು ಮುಧೋಳ ತಾಲೂಕಿನ ಒಂದು ಚಿಕ್ಕ ಗ್ರಾಮ. ಆಗ ಅದು ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು; ಸ್ವಾತಂತ್ರ್ಯಾನಂತರ ವಿಜಾಪುರ ಜಿಲ್ಲೆಗೆ ಬಂದು, 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾದಾಗ ಅತ್ತ ಹೋಯಿತು. 1857ರಲ್ಲಿ ಉತ್ತರ ಹಿಂದುಸ್ತಾನವು ದಂಗೆಯೆದ್ದಾಗ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯದೆಯನ್ನು ಹೊರಡಿಸಿತು. ಹತಾರವುಳ್ಳವರು ಅವುಗಳನ್ನು ತಂದೊಪ್ಪಿಸಬೇಕು, ಇಟ್ಟುಕೊಳ್ಳುವವರು ಅಧಿಕಾರಿಯ ಅನುಮತಿಯಿಂದ ಇಟ್ಟುಕೊಳ್ಳಬೇಕು ಎಂಬದು ಅದರ ತಾತ್ಪರ್ಯ. ಬೇಡರಿಗೆ ಹತಾರವು ಹೊಟ್ಟೆಯ ಪಾಡು, ಕುಲದ ಮಾನ. ಅವರು ಕೊಡಲೊಲ್ಲೆವೆಂದರು. ನವೆಂಬರ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿದ್ದಿತು. ಸುಮಾರು ನೂರು ಜನರು ಮಡಿದರು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರದಲ್ಲಿ ಗಲ್ಲಿಗೇರಿಸಲಾಯಿತು. 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಅವರ ಊರಾದ ಹಲಗಲಿಯಲ್ಲಿಯೇ. ಜಡಗ, ಬಾಲ ಮುಂತಾದವರ ಹೆಸರುಗಳನ್ನು ಜನರು ಲಾವಣಿಯಲ್ಲಿ ಉಳಿಸಿಕೊಂಡರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರಕಾರದ ಅಧಿಕಾರಿಯಾದ ಫ್ಲೀಟನೆಂಬದು ವಿಧಿಯ ವಿಚಿತ್ರ ಲೀಲೆ.

ಇಷ್ಟು ನಿಜ. ಇದರಿಂದ ಏನು ಸಿದ್ಧವಾಗುವದು? ಹಲಗಲಿಯವರು ತಮ್ಮನ್ನು ಕೇಳದೆ, ತಮ್ಮವರಾರೂ ಇಲ್ಲದ ಸಭೆಯಲ್ಲಿ, ತಮ್ಮನ್ನು ಅಂಜಿಸುವ ಸಲುವಾಗಿಯೇ ಮಾಡಿದ ಕಾಯದೆಯನ್ನು ಧಿಕ್ಕರಿಸಿದರು. ಆ ಕಾಯದೆಯ ಮೇಲೆ ಅವರಿಗೆ ಅಪೀಲೆಂಬದು ಇರಲಿಲ್ಲ. ದಂಡೇ ಅಪೀಲು, ಗಲ್ಲೇ ತೀರ್ಪು. ಅನಂತರ 1878ರಲ್ಲಿ ಲಾರ್ಡ ಲಿಟ್ಟನನ ಕಾಲಕ್ಕೆ ಬಂದ ಶಸ್ತ್ರ ಕಾಯದೆಯು ಈ ಅನ್ಯಾಯಕ್ಕೆ ಬಣ್ಣದ ಭೇದವನ್ನೂ ಕೂಡಿಸಿತು. ಹಿಂದೀ ಮನುಷ್ಯನಿಗೆ ಪರವಾನಗಿ ಬೇಕು, ಯುರೋಪಿಯನನಿಗೆ ಬೇಡ! ಇಂಥ ಪರವಾನಗಿಯನ್ನು ಒಪ್ಪದಿರುವದು ಮಾನವಂತನ ಲಕ್ಷಣವೇ ಸರಿ. ಆದರೆ ಶಬ್ದವು ಒಂದೇ ಆದ ಮಾತ್ರಕ್ಕೆ ಅರ್ಥವು ಒಂದೇ ಆಗಲಾರದು. ಕಳ್ಳನು ಮನೆಯ ಕೀಲಿಕೈಯನ್ನು ಕಸಿದುಕೊಳ್ಳುವದೂ, ಮನೆಯ ಯಜಮಾನನು ರಾತ್ರಿ ಬಾಗಿಲಿಗೆ ಕೀಲಿ ಹಾಕುವದೂ ಒಂದೇ ಎಂದು ಯಾರೂ ಹೇಳರು. ಕೀಲಿಯು ಮಾತ್ರ ಎರಡೂ ಕಡೆಗೆ ಅದೇ.

ಈ ಭೇದವನ್ನು ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಚೆನ್ನಾಗಿ ಬಲ್ಲವರಾಗಿದ್ದರು. ಶಸ್ತ್ರ ಕಾಯದೆಯನ್ನು ಕಟುವಾಗಿ ನಿಂದಿಸಿದ ಮಹಾತ್ಮಾ ಗಾಂಧಿಯವರು 1930ರಲ್ಲಿ ವೈಸರಾಯ ಇರ್ವಿನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಒಂದು ಈ ವಿಷಯಕ್ಕೇ ಸಂಬಂಧಿಸಿದೆ. ಅವರು ಬೇಡಿದ್ದಾದರೂ ಏನು? ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿಗಳನ್ನು ಕೊಡಬೇಕು, ಮತ್ತು ಅವು ಜನತೆಯ ಹತೋಟಿಯಲ್ಲಿರಬೇಕು ಎಂದು. ಪರವಾನಗಿಯೇ ಬೇಡವೆಂದು ಅವರು ಬೇಡಲಿಲ್ಲ. ಮರುವರ್ಷ ಕರಾಚಿಯ ಕಾಂಗ್ರೆಸ್ಸು ಶಸ್ತ್ರವಿರಿಸಿಕೊಳ್ಳುವ ಹಕ್ಕನ್ನು ಠರಾವಿನಲ್ಲಿ ಸೇರಿಸಿದಾಗಲೂ, ಅದಕ್ಕಾಗಿ ಮಾಡಿದ ನಿಯಮ ನಿರ್ಬಂಧಗಳಿಗೆ ಒಳಪಟ್ಟು ಎಂಬ ಮಾತನ್ನು ಜೊತೆಗೇ ಬರೆಯಿತು. 1948ರ ಡಿಸೆಂಬರದಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಲ್ಲಿ ಹುಟ್ಟಿದ ಎಚ್. ವಿ. ಕಾಮತರು ಈ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾಕ್ಟರ ಅಂಬೇಡಕರರು ಅದನ್ನು ವಿರೋಧಿಸಿದರು; ಸಭೆಯು ತಿದ್ದುಪಡಿಯನ್ನು ತಳ್ಳಿಹಾಕಿತು. ಹಲಗಲಿಯ ನೆನಪು ಆ ಸಭೆಯವರಿಗೆ ಇಂದಿನವರಿಗಿಂತ ಹತ್ತಿರದ್ದಾಗಿತ್ತು. ಪರಕೀಯರ ಶಸ್ತ್ರ ಕಾಯದೆಯ ಪೆಟ್ಟು ತಿಂದವರೇ ಅಲ್ಲಿ ಕುಳಿತಿದ್ದರು. ಅವರು ವಿಚಾರಮಾಡಿ ಬಿಟ್ಟ ಹಕ್ಕನ್ನು, ಮರೆತು ಬಿಟ್ಟರೆಂಬಂತೆ ಈಗ ಕೋರ್ಟಿನಲ್ಲಿ ಕೇಳುವದು ಸಮಂಜಸವಲ್ಲ.

ಪರವಾನಗಿಯು ಆಂಗ್ಲರು ತಂದ ಜಾಡ್ಯವೆನ್ನುವವರು ಕೌಟಿಲ್ಯನನ್ನಾದರೂ ಒಮ್ಮೆ ತೆರೆದು ನೋಡಬಹುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದ ಐದನೆಯ ಅಧಿಕರಣದಲ್ಲಿ, ರಾಜಭೃತ್ಯರ ಪ್ರಕರಣದಲ್ಲಿಯೇ, ಮುದ್ರೆಯ ಅನುಜ್ಞೆಯುಳ್ಳವರ ಹೊರತು ಇತರರು ಶಸ್ತ್ರವಿಲ್ಲದೆ ಸಂಚರಿಸತಕ್ಕದ್ದೆಂಬ ವಿಧಿಯಿದೆ. ರಾಜನ ಅನ್ನ ತಿನ್ನುವವನಿಗೇ ಮುದ್ರೆ ಬೇಕಾಗಿದ್ದರೆ ಸಂತೆಗೆ ಬಂದವನ ಮಾತು ದಂಡಾಪೂಪ ನ್ಯಾಯದಿಂದ ತಾನಾಗಿಯೇ ತಿಳಿಯುವದು. ಇದಂತಿರಲಿ.

ಈ ಜಿಲ್ಲೆಗೆ ನಿಜವಾಗಿ ತಟ್ಟುವ ವಾದವು ಬೇರೊಂದಿದೆ. “ಭೀಮಾತೀರದಲ್ಲಿ ನಾಡಪಿಸ್ತೂಲಿಗೆ ಬರವೇ? ಕೊಲೆಗಡುಕನು ಯಾವ ಕಚೇರಿಗೆ ಅರ್ಜಿ ಹಾಕಿದ್ದಾನೆ? ಕಾಯದೆಯು ಕಟ್ಟುವದು ಸಜ್ಜನನ ಕೈಯನ್ನಷ್ಟೇ. ಆದುದರಿಂದ ಪರವಾನಗಿಯನ್ನು ತೆಗೆದುಹಾಕಿ ಸಜ್ಜನನಿಗೂ ಪಿಸ್ತೂಲು ಕೊಡಿರಿ” ಎಂಬುದೇ ಆ ವಾದ. ಇದನ್ನು ನಗೆಯಾಡಿ ತಳ್ಳಿಬಿಡುವ ಹಾಗಿಲ್ಲ. ಇಂಡಿ, ಚಡಚಣ, ಆಲಮೇಲಗಳ ಕಡೆಗೆ ಮನೆತನಗಳ ವೈರವು ತಲೆಮಾರಿನಿಂದ ತಲೆಮಾರಿಗೆ ಹೊಲದ ಬದುವಿನಂತೆ ಹಂಚಿಕೆಯಾಗಿ ಬಂದದ್ದು ಗುಟ್ಟಿನ ಮಾತಲ್ಲ. ‘ಭೀಮಾತೀರ’ವೆಂಬ ಪುಣ್ಯ ಶಬ್ದಕ್ಕೆ ವೃತ್ತಪತ್ರದವರು ‘ಹಂತಕರು’ ಎಂಬ ಬಾಲವನ್ನು ಅಂಟಿಸಿ ನಾಡಿಗೆಲ್ಲ ಡಂಗುರ ಹೊಡೆದದ್ದೂ ಎಲ್ಲರಿಗೆ ಗೊತ್ತಿದೆ. ಆ ಪಿಸ್ತೂಲುಗಳು ಮಧ್ಯಪ್ರದೇಶದ ಕಡೆಯಿಂದ ಬರುತ್ತವೆಂದು ಪೋಲೀಸರು ಎಷ್ಟೋ ಸಲ ಹೇಳಿದ್ದಾರೆ.

ಆದರೆ ವಾಚಕರು ಒಂದು ಮಾತನ್ನು ಸಾವಧಾನವಾಗಿ ಗಮನಿಸಬೇಕು. ಇಂಡಿಯ ಬಸ್ಸಿನ ನಿಲ್ದಾಣದಲ್ಲಿ ಒಬ್ಬನು ಅಂಗಿಯ ಕೆಳಗೆ ಪಿಸ್ತೂಲು ಮರೆಸಿಕೊಂಡು ನಿಂತಿದ್ದಾನೆನ್ನಿ. ಅವನು ಯಾರನ್ನೂ ಇನ್ನೂ ಹೊಡೆದಿಲ್ಲ, ಬೈದಿಲ್ಲ, ಬಸ್ಸಿನ ಹಾದಿ ಕಾಯುತ್ತ ಎಲೆಅಡಿಕೆ ಹಾಕುತ್ತಿದ್ದಾನೆ. ಫೌಜದಾರನು ಅವನ ಕೈಹಿಡಿಯುವದು ಯಾವ ಆಧಾರದ ಮೇಲೆ? ಪರವಾನಗಿ ಇಲ್ಲದೆ ಬಂದೂಕು ಪಿಸ್ತೂಲುಗಳನ್ನು ಇಟ್ಟುಕೊಳ್ಳಲಾಗದು, ಒಯ್ಯಲಾಗದು ಎನ್ನುವ 1959ರ ಶಸ್ತ್ರ ಕಾಯದೆಯ ಮೂರನೆಯ ಕಲಮಿನ ಆಧಾರದ ಮೇಲೆ. ಇರಿಸಿಕೊಂಡದ್ದೇ ಅಪರಾಧವಾದುದರಿಂದ ಗುಂಡು ಹಾರುವ ಮುನ್ನವೇ ಕೈಹಿಡಿಯಬಹುದು. ಆ ಕಲಮನ್ನು ಕಿತ್ತುಹಾಕಿದ ಮರುದಿನ ಅದೇ ಮನುಷ್ಯನು ಅದೇ ನಿಲ್ದಾಣದಲ್ಲಿ ಅದೇ ಪಿಸ್ತೂಲನ್ನು ಅಂಗಿಯ ಮೇಲೆಯೇ ಕಟ್ಟಿಕೊಂಡು ನಿಲ್ಲುವನು. ಫೌಜದಾರನು ಅವನಿಗೆ ನಮಸ್ಕಾರ ಹೇಳಿ ಮುಂದೆ ಹೋಗಬೇಕಾಗುವದು. ಕಾಯದೆಗೆ ಬಾಯಿ ಬರುವದು ಹೆಣ ಬಿದ್ದ ಮೇಲೆಯೇ. ಕಳ್ಳಪಿಸ್ತೂಲನ್ನು ‘ಕಳ್ಳ’ವೆನ್ನುವ ಹೆಸರು ಬಂದದ್ದು ಪರವಾನಗಿಯೆಂಬದು ಇರುವದರಿಂದ. ಪರವಾನಗಿಯನ್ನು ಅಳಿಸಿದರೆ ಕಳ್ಳತನವು ಅಳಿಯುವದು ನಿಜ, ಪಿಸ್ತೂಲು ಅಳಿಯದು. ಕಾಯದೆಯನ್ನು ಮುರಿಯುವವರಿದ್ದಾರೆಂಬ ಕಾರಣದಿಂದ ಕಾಯದೆಯೇ ಬೇಡವೆನ್ನುವದಾದರೆ, ಮೊದಲು ರದ್ದಾಗಬೇಕಾದದ್ದು ಕಳ್ಳತನದ ಕಾಯದೆಯೇ!

ಇನ್ನು “ಸಜ್ಜನನ ಕೈಯಲ್ಲಿ ಪಿಸ್ತೂಲಿದ್ದರೆ ಅವನು ಬದುಕುತ್ತಿದ್ದ” ಎಂಬ ಮಾತು. ಇದಕ್ಕೆ ಸಿಂದಗಿ ತಾಲೂಕು ಕೊಡಬೇಕಾದ ಉತ್ತರವು ಬೇರೆಲ್ಲರಿಗಿಂತ ಭಾರವಾದದ್ದು. ಡಾಕ್ಟರ ಎಂ. ಎಂ. ಕಲಬುರ್ಗಿಯವರು ಈ ತಾಲೂಕಿನ ಮಣ್ಣಿನವರು. ವಚನಗಳ ಮೇಲೆ, ಶಾಸನಗಳ ಮೇಲೆ ಅವರು ಮಾಡಿದ ಕೆಲಸವು ಸುಶಿಕ್ಷಿತ ಮನೆಗಳಲ್ಲಿ ತಿಳಿಯದವರಿಲ್ಲ. ಅವರ ಎಲ್ಲ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಿದ್ದರೆಂದಲ್ಲ. ಒಪ್ಪದವರು ಲೇಖನ ಬರೆದರು, ಸಭೆ ಕೂಡಿಸಿದರು. ಅದು ವಿದ್ವತ್ತಿನ ಧರ್ಮ. 2015ನೆಯ ಇಸವಿಯ ಆಗಸ್ಟ 30ರ ಮುಂಜಾನೆ ಧಾರವಾಡದ ಅವರ ಮನೆಗೆ ಬಂದವನು ವಿದ್ಯಾರ್ಥಿಯ ಸೋಗಿನಲ್ಲಿ ಬಂದನು. ನಾಡಪಿಸ್ತೂಲಿನ ಗುಂಡು ಅವರ ಪ್ರಾಣವನ್ನು ಕೊಂಡೊಯ್ದಿತು. 2017ರ ಸೆಪ್ಟಂಬರ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶರೂ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಎರಡೂ ಕಡೆಗೆ ಬಳಸಿದ ಪಿಸ್ತೂಲು ಒಂದೇ ಎಂದು ತನಿಖೆಯವರು ನ್ಯಾಯಾಲಯಕ್ಕೆ ತಿಳಿಸಿದ್ದಾರೆ.

ಪ್ರಾಧ್ಯಾಪಕರ ಕಿಸೆಯಲ್ಲಿ ಪಿಸ್ತೂಲೊಂದು ಇದ್ದಿದ್ದರೆ ಆ ಮುಂಜಾನೆ ಏನಾಗುತ್ತಿತ್ತು? ‘ಸರ್’ ಎಂದು ಕರೆದು ಬಂದವನಿಗೆ ಬಾಗಿಲು ತೆರೆಯುವದು ಗುರುವಿನ ಮನೆಯ ರೀತಿ. ಬಂದ ಪ್ರತಿಯೊಬ್ಬ ಹುಡುಗನನ್ನೂ ಪಿಸ್ತೂಲಿನ ಮೇಲೆ ಕೈಯಿಟ್ಟೇ ಮಾತನಾಡಿಸುವ ಮೇಷ್ಟ್ರನ್ನು ಊಹಿಸಿಕೊಳ್ಳಿರಿ! ಅಂಥ ಮನೆಗೆ ವಿದ್ಯಾರ್ಥಿ ಬರುವನೆ? ಬಂದರೂ ಅಲ್ಲಿ ವಿದ್ಯೆ ಉಳಿದೀತೆ? ಎದುರಿನವನು ಮೊದಲೇ ನಿಶ್ಚಯಿಸಿಕೊಂಡು ಬಂದಿರುವಾಗ, ಎರಡನೆಯ ಪಿಸ್ತೂಲು ಹೊರಬರುವಷ್ಟರಲ್ಲಿ ಮೊದಲನೆಯದು ತನ್ನ ಕೆಲಸ ಮುಗಿಸಿರುವದು. ಕಲಬುರ್ಗಿಯವರನ್ನು ಉಳಿಸಬಹುದಾಗಿದ್ದದ್ದು ಒಂದೇ: ಆ ಪಿಸ್ತೂಲು ಧಾರವಾಡಕ್ಕೆ ಬಂದು ಮುಟ್ಟುವ ಮೊದಲೇ ಹಾದಿಯಲ್ಲೆಲ್ಲಾದರೂ ಒಬ್ಬ ಪೋಲೀಸನ ಕೈಗೆ ಸಿಕ್ಕಿಬೀಳುವದು. ಹಾಗೆ ಸಿಕ್ಕಿಬೀಳಬೇಕಾದರೆ ಅದನ್ನು ಒಯ್ಯುವದು ಅಪರಾಧವಾಗಿಯೇ ಉಳಿಯಬೇಕು.

ಈಗ ಅಮೇರಿಕೆಯ ಮಾತು. ನ್ಯೂಯಾರ್ಕದಲ್ಲಿ 1911ರಿಂದಲೂ ಪಿಸ್ತೂಲಿಗೆ ಪರವಾನಗಿ ಬೇಕಾಗಿದ್ದಿತು; ಅದನ್ನು ಹೊರಗೆ ಒಯ್ಯಬೇಕಾದರೆ ಇತರ ಜನರಿಗಿಲ್ಲದ ವಿಶೇಷ ಕಾರಣವನ್ನು ಅರ್ಜಿದಾರನು ತೋರಿಸಬೇಕಾಗಿತ್ತು. 2022ರ ಜೂನ 23ರಂದು ಸರ್ವೋಚ್ಚ ನ್ಯಾಯಾಲಯವು ಆರು ಮೂರರ ಬಹುಮತದಿಂದ ಆ ‘ವಿಶೇಷ ಕಾರಣ’ದ ಷರತ್ತನ್ನು ಹೊಡೆದುಹಾಕಿತು. ಇಲ್ಲಿಯ ಪಿಸ್ತೂಲುವಾದಿಗಳು ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದ್ದಾರೆ. ಅದೇ ತೀರ್ಪಿನಲ್ಲಿ, ಅರ್ಜಿದಾರನ ಪೂರ್ವಚರಿತ್ರೆಯನ್ನು ವಿಚಾರಿಸಿ, ತರಬೇತಿಯನ್ನು ನೋಡಿ, ಗೊತ್ತಾದ ನಿಯಮಗಳ ಮೇರೆಗೆ ಪರವಾನಗಿ ಕೊಡುವ ಪದ್ಧತಿಗೆ ಬಾಧೆಯಿಲ್ಲವೆಂದು ಸಹ ಹೇಳಿದೆ. ಎರಡು ವರ್ಷಗಳ ಮೇಲೆ, 2024ರಲ್ಲಿ, ಕುಟುಂಬದವರನ್ನು ಹಿಂಸಿಸುವ ಭಯವಿದೆಯೆಂದು ಕೋರ್ಟಿನ ಅಪ್ಪಣೆಗೆ ಒಳಗಾದವನ ಆಯುಧವನ್ನು ಕಸಿದುಕೊಳ್ಳಬಹುದೆಂದು ಅದೇ ನ್ಯಾಯಾಲಯವು ಎಂಟು ಒಂದರಿಂದ ತೀರ್ಮಾನಿಸಿತು. ಅರ್ಧ ಕೋಳಿಯನ್ನು ಅಡಿಗೆಗೆ, ಅರ್ಧವನ್ನು ಮೊಟ್ಟೆಗೆ ಇಟ್ಟುಕೊಳ್ಳುವ ನ್ಯಾಯವು ತರ್ಕದಲ್ಲಿ ನಡೆಯದು. ಅಲ್ಲಿಯ ಅರ್ಧಕ್ಕೂ ಮಿಕ್ಕಿದ ಸಂಸ್ಥಾನಗಳಲ್ಲಿ ಶಾಸನಸಭೆಗಳೇ ಒಯ್ಯುವ ಪರವಾನಗಿಯನ್ನು ತೆಗೆದುಹಾಕಿರುವದು ನಿಜ. ಆ ದೇಶದಲ್ಲಿ 2022ರೊಂದರಲ್ಲಿಯೇ ಗುಂಡಿನಿಂದ ಸತ್ತವರು 48,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಅಧಿಕರು ತಮ್ಮ ಕೈಯಿಂದಲೇ ಸತ್ತವರು, ಎಂಬದೂ ನಿಜ. ಸಾಲ ಮತ್ತು ಬರಗಾಲಗಳಿಂದ ಕಂಗೆಟ್ಟ ರೈತನ ಮನೆಯಲ್ಲಿ ಈಗಲೇ ಕ್ರಿಮಿನಾಶಕದ ಡಬ್ಬಿಯನ್ನು ಬಚ್ಚಿಡಬೇಕಾಗಿದೆ. ಅದರ ಪಕ್ಕದಲ್ಲಿ ಪಿಸ್ತೂಲನ್ನೂ ಇಡುವ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳತಕ್ಕದ್ದು.

ಈ ದೇಶದ ಕೋರ್ಟುಗಳ ಮುಂದೆಯೂ ಈ ವಾದವು ಬಂದುಹೋಗಿದೆ. ಅಲಹಾಬಾದ ಹೈಕೋರ್ಟಿನ ಒಂದು ಪೀಠವು 1993ರಲ್ಲಿ, ಶಸ್ತ್ರವಿರಿಸಿಕೊಳ್ಳುವದು ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದಿತು. ಅದೇ ಹೈಕೋರ್ಟಿನ ಪೂರ್ಣಪೀಠವು ಕೆಲವು ಕಾಲದಲ್ಲಿಯೇ ಅದನ್ನು ಅಲ್ಲಗಳೆಯಿತು. 2023ರ ಫೆಬ್ರುವರಿಯಲ್ಲಿ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ. ಎಂ. ಜೋಸೆಫ ಹಾಗೂ ಕನ್ನಡಿಗರೇ ಆದ ಬಿ. ವಿ. ನಾಗರತ್ನ ಇವರು ಪರವಾನಗಿಯಿಲ್ಲದ ಆಯುಧಗಳ ಹಾವಳಿಯನ್ನು ತಾವಾಗಿಯೇ ವಿಚಾರಣೆಗೆ ಎತ್ತಿಕೊಂಡು, ಅಮೇರಿಕೆಯಲ್ಲಿರುವಂಥ ಹಕ್ಕನ್ನು ಈ ಸಂವಿಧಾನವು ಯಾರಿಗೂ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿದರು.

ಕೊಡಗಿನ ದೃಷ್ಟಾಂತವನ್ನು ಎತ್ತುವವರುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿಯಿದೆ. ಅಲ್ಲಿ ಮಗು ಹುಟ್ಟಿದರೆ, ಮನೆಯಲ್ಲಿ ಸಾವಾದರೆ ಕೋವಿ ಹಾರಿಸುವ ಪದ್ಧತಿಯಿದೆ, ಕೈಲುಮುಹೂರ್ತದಲ್ಲಿ ಕೋವಿಗೆ ಪೂಜೆಯಿದೆ. ವಿನಾಯಿತಿಯು 1861ರಲ್ಲಿ ಮಾರ್ಕ್ ಕಬ್ಬನ್ನನ ಆಜ್ಞೆಯಿಂದ ಬಂದದ್ದು. ಅದು ಶೌರ್ಯಕ್ಕೆ ಕೊಟ್ಟ ಬಿರುದಾಗಿದ್ದಂತೆ ಕಂಪನಿ ಪಕ್ಷದ ನಿಷ್ಠೆಗೆ ಕೊಟ್ಟ ಬಹುಮಾನವೂ ಆಗಿತ್ತೆಂಬದನ್ನು ಹಲಗಲಿಯ ಜಿಲ್ಲೆಯವರು ಮರೆಯಲಾಗದು: ಒಬ್ಬರಿಗೆ ಗಲ್ಲು, ನಾಲ್ಕೇ ವರ್ಷದ ಮೇಲೆ ಇನ್ನೊಬ್ಬರಿಗೆ ವಿನಾಯಿತಿ. ಒಂದು ಜನಾಂಗಕ್ಕೆ ಮಾತ್ರ ಈ ಸವಲತ್ತು ಏಕೆಂದು, ಸೈನ್ಯದಿಂದ ನಿವೃತ್ತರಾದ ಅರ್ಜಿದಾರರೊಬ್ಬರು ಕರ್ನಾಟಕ ಹೈಕೋರ್ಟಿನ ಬಾಗಿಲು ಬಡಿದರು. ಕೇಂದ್ರ ಸರಕಾರವು 2019ರಲ್ಲಿ ವಿನಾಯಿತಿಯನ್ನು 2029ರ ವರೆಗೆ ಮುಂದುವರಿಸಿತು. 2021ರ ಸೆಪ್ಟಂಬರದಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೀರ್ಪಿಗೆ ತಲೆಬಾಗಬೇಕು, ಆದರೂ ಅರ್ಜಿದಾರರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಇಲ್ಲಿ ಹೇಳತಕ್ಕದ್ದು ಇಷ್ಟೇ: ಕೊಡಗಿನ ಕೋವಿಯ ಸುತ್ತ ಐನ್‌ಮನೆಯಿದೆ, ಒಕ್ಕದ ಹಿರಿಯರಿದ್ದಾರೆ, ಭೂಮಿಯಿದೆ, ಒಂದು ನಾಡಿನ ನಾಚಿಕೆ ಮರ್ಯಾದೆಗಳಿವೆ. ಬಾರಿನಿಂದ ಹೊರಬಿದ್ದ ಹುಡುಗನ ಸೊಂಟದ ಪಿಸ್ತೂಲಿನ ಸುತ್ತ ಏನಿದೆ?

ಹಾಗಾದರೆ ಪರವಾನಗಿ ಕೊಡುವ ಕಚೇರಿಗಳಲ್ಲಿ ಎಲ್ಲವೂ ನೆಟ್ಟಗಿದೆಯೆ? ನೆಟ್ಟಗಿಲ್ಲ. ಮತ್ತು ಕೋಪಿಸಿಕೊಳ್ಳತಕ್ಕ ಸ್ಥಳವು ಇದೇ. ಯಂಕಂಚಿಯ ಒಬ್ಬ ರೈತನು ಹಂದಿಗಳ ಕಾಟದಿಂದ ಬೆಳೆಯನ್ನು ಕಾಯಲು ಒಂದು ಕೋವಿಗೆ ಅರ್ಜಿ ಹಾಕಿದನೆನ್ನಿ. ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಕಾಯದೆಯ ಹದಿಮೂರನೆಯ ಕಲಮಿನಲ್ಲಿಯೇ ಎಡೆಯಿದೆ. ಅರ್ಜಿಯು ವಿಜಯಪುರಕ್ಕೆ ಹೋಗುವದು, ಅಲ್ಲಿಂದ ಪೋಲೀಸ ಠಾಣೆಗೆ ಬರುವದು, ಠಾಣೆಯ ಕಪಾಟಿನಲ್ಲಿ ಕೂಡುವದು. ಎಷ್ಟೋ ತಿಂಗಳ ಮೇಲೆ ‘ಶಿಫಾರಸು ಇಲ್ಲ’ ಎಂಬ ಒಂದೇ ಸಾಲಿನ ವರದಿಯು ಹೊರಬೀಳುವದು. ಜಿಲ್ಲಾಧಿಕಾರಿಯ ಕಚೇರಿಯು ಅದರ ಕೆಳಗೆ ರುಜು ಹಾಕುವದು. ಇತ್ತ ಇಡೀ ಊರೇ ಅಂಜುವ ಧನಿಕನೊಬ್ಬನಿಗೆ, ಯಾರ ಭಯವೂ ಇಲ್ಲದವನಿಗೆ, ‘ಪ್ರಾಣಭಯ’ದ ಕಾರಣದ ಮೇಲೆ ರಿವಾಲ್ವರು ದೊರೆಯುವದು, ಅವನು ಅದನ್ನು ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸುವನು! 2019ರ ತಿದ್ದುಪಡಿಯು ಅಂಥ ಹಾರಾಟಕ್ಕೆ ಎರಡು ವರ್ಷದ ವರೆಗಿನ ಸೆರೆ ಅಥವಾ ಒಂದು ಲಕ್ಷದ ವರೆಗಿನ ದಂಡವನ್ನು ಗೊತ್ತುಮಾಡಿದೆ; ಅದೇ ತಿದ್ದುಪಡಿಯು ಒಬ್ಬನು ಇರಿಸಿಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪ್ರತಿಷ್ಠೆಯ ಪಿಸ್ತೂಲಿನ ರೋಗವು ಇಷ್ಟರಿಂದ ಹೋಗದು.

ಗಾಂಧಿಯವರು ಬೇಡಿದ ಜನತೆಯ ಹತೋಟಿಯು ಇನ್ನೂ ಬಂದಿಲ್ಲದ ಎಡೆಯು ಇದು. ಹೋರಾಡುವ ಉತ್ಸಾಹವಿದ್ದ ತರುಣ ವಕೀಲರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ, ಮತ್ತು ಅದಕ್ಕೆ ಮೂರನೆಯ ಕಲಮನ್ನು ಮುಟ್ಟಬೇಕಾದ ಅವಶ್ಯವೇ ಇಲ್ಲ. ಹದಿನಾಲ್ಕನೆಯ ಕಲಮು, ಪರವಾನಗಿಯನ್ನು ನಿರಾಕರಿಸುವ ಅಧಿಕಾರಿಯು ಕಾರಣಗಳನ್ನು ಬರೆದಿಡತಕ್ಕದ್ದೆಂದೂ, ಸಾರ್ವಜನಿಕ ಹಿತಕ್ಕೆ ಬಾಧೆಯಾಗುವ ಪ್ರಸಂಗದ ಹೊರತು, ಕೇಳಿದವನಿಗೆ ಅವುಗಳ ಸಂಗ್ರಹವನ್ನು ಕೊಡತಕ್ಕದ್ದೆಂದೂ ವಿಧಿಸುವದು. ಸಾಕಷ್ಟು ಆಸ್ತಿಯಿಲ್ಲವೆಂಬ ಕಾರಣವೊಂದರಿಂದಲೇ ಯಾರಿಗೂ ನಿರಾಕರಿಸಬಾರದೆಂದೂ ಅದರಲ್ಲಿಯೇ 1959ರಿಂದ ಬರೆದಿದೆ. ಹದಿನೆಂಟನೆಯ ಕಲಮು ಅಪೀಲನ್ನು ಕೊಡುವದು. ಹಲಗಲಿಯವರಿಗೆ ಇಲ್ಲದಿದ್ದದ್ದು ಇವೆರಡೇ: ಕಾರಣ ಕೇಳುವ ಹಕ್ಕು, ಮೇಲಿನವರ ಕಡೆಗೆ ಹೋಗುವ ದಾರಿ. ‘ಶಿಫಾರಸು ಇಲ್ಲ’ವೆಂಬ ಒಂದು ಸಾಲಿನ ನಕಲನ್ನು ಆ ರೈತನಿಂದ ಈಸಿಕೊಂಡು, ಕಾರಣವೆಲ್ಲಿ ಎಂದು ಅಪೀಲಿನಲ್ಲಿ ಕೇಳುವ ವಕೀಲನೊಬ್ಬನು ಸಿಂದಗಿಯಿಂದ ಹೊರಡಲಿ. ಅಪೀಲಿನ ಅವಧಿಯು ತೀರುವ ಮೊದಲೇ ಹೊರಡಲಿ.